ಮಕ್ಕಳ ಕೈಗೆ ಕಾಗದ, ಮೇಷ್ಟ್ರ ಕೈಗೆ ಫೋನು: ತರಗತಿಯಲ್ಲಿ ಪ್ಲಿಕರ್ಸ್

ಪ್ಲಿಕರ್ಸ್ ಎಂಬುದು ಮಕ್ಕಳು ಹಿಡಿದ ಕಾರ್ಡುಗಳನ್ನು ಫೋನ್ ಕ್ಯಾಮೆರಾದಿಂದ ಓದಿ ಉತ್ತರ ದಾಖಲಿಸುವ ಆ್ಯಪ್. ಇದನ್ನು ಬಳಸಲು ಮಕ್ಕಳ ಬಳಿ ಫೋನ್ ಇರಬೇಕಿಲ್ಲ. ಶಿಕ್ಷಕರ ಬಳಿ ಕ್ಯಾಮೆರಾ ಮತ್ತು ಇಂಟರ್ನೆಟ್ ಇರುವ ಒಂದು ಫೋನ್, ಪ್ರತಿ ಮಗುವಿಗೆ ಒಂದು ಮುದ್ರಿತ ಕಾರ್ಡ್, ಇಷ್ಟೇ ಸಾಕು. ಕಂಪ್ಯೂಟರ್ ಕೊಠಡಿ ಇಲ್ಲದ ಶಾಲೆಗಳಿಗೆ ಇದಕ್ಕಿಂತ ಹೊಂದುವ ಕಿರುಪರೀಕ್ಷೆ ಸಾಧನ ಸಿಗುವುದು ಕಷ್ಟ.

ಪ್ರತಿ ಕಾರ್ಡಿನ ಮೇಲೂ ಬೇರೆ ಬೇರೆ ಆಕಾರದ ಕಪ್ಪು ಗುರುತು ಇರುತ್ತದೆ. ನಾಲ್ಕು ಅಂಚಿನಲ್ಲಿ ಎ, ಬಿ, ಸಿ, ಡಿ ಎಂದು ಸಣ್ಣದಾಗಿ ಬರೆದಿರುತ್ತದೆ. ತನಗೆ ಸರಿಯೆನಿಸಿದ ಅಕ್ಷರ ಮೇಲೆ ಬರುವಂತೆ ಮಗು ಕಾರ್ಡನ್ನು ತಿರುಗಿಸಿ ಹಿಡಿಯುತ್ತದೆ. ಶಿಕ್ಷಕರು ಫೋನನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಿದರೆ ಯಾರು ಯಾವ ಉತ್ತರ ಕೊಟ್ಟರು ಎಂಬುದು ಹೆಸರಿನ ಸಮೇತ ಪರದೆಯ ಮೇಲೆ ಬರುತ್ತದೆ. ಅಕ್ಷರ ಸಣ್ಣದು, ಗುರುತುಗಳೂ ಒಂದರಂತೆ ಇನ್ನೊಂದಿಲ್ಲ. ಹಾಗಾಗಿ ಪಕ್ಕದವರ ಕಾರ್ಡ್ ನೋಡಿ ನಕಲು ಮಾಡುವುದು ಸುಲಭವಲ್ಲ. ಕೈ ಎತ್ತಿ ಎಂದಾಗ ಮುಂದಿನ ಬೆಂಚಿನವರನ್ನು ನೋಡಿಕೊಂಡು ಕೈ ಎತ್ತುವ ಮಗು ಇಲ್ಲಿ ತಾನೇ ಯೋಚಿಸಬೇಕಾಗುತ್ತದೆ.

ಕಾರ್ಡುಗಳು ಪ್ಲಿಕರ್ಸ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಸಾಮಾನ್ಯ ಕಟ್ಟಿನಲ್ಲಿ 40, ದೊಡ್ಡ ತರಗತಿಗೆ 63. ಹಾಳೆಗೆ ಎರಡರಂತೆ 40 ಕಾರ್ಡಿಗೆ 20 ಹಾಳೆ. ತೆಳು ಕಾಗದ ಹಿಡಿದಾಗ ಬಾಗುತ್ತದೆ, ಬಾಗಿದ ಗುರುತನ್ನು ಕ್ಯಾಮೆರಾ ಓದುವುದಿಲ್ಲ. ದಪ್ಪ ಹಾಳೆಯಲ್ಲಿ ಮುದ್ರಿಸಿ, ಇಲ್ಲವೇ ರಟ್ಟಿಗೆ ಅಂಟಿಸಿ. ಜೆರಾಕ್ಸ್ ಅಂಗಡಿಯ ಹೊಳೆಯುವ ಲ್ಯಾಮಿನೇಷನ್ ಮಾತ್ರ ಬೇಡ. ಟ್ಯೂಬ್‌ಲೈಟ್ ಬೆಳಕು ಅದರ ಮೇಲೆ ಬಿದ್ದು ಕಪ್ಪು ಭಾಗವೇ ಬಿಳಿಯಾಗಿ ಕಾಣುತ್ತದೆ. ಕೆಲವರ ಉತ್ತರ ಎಷ್ಟು ಸಲ ಫೋನ್ ಹಿಡಿದರೂ ಬರುತ್ತಿಲ್ಲವೆಂದರೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು: ಬೆರಳು ಗುರುತಿನ ಮೇಲಿದೆ, ಮುಂದಿನವರ ತಲೆ ಅಡ್ಡ ಬಂದಿದೆ, ಅಥವಾ ಮಗುವಿನ ಬೆನ್ನ ಹಿಂದೆ ಕಿಟಕಿಯ ಬಿಸಿಲಿದೆ. ಕಿಟಕಿಗೆ ಬೆನ್ನು ಮಾಡಿ ನಿಂತು ಸ್ಕ್ಯಾನ್ ಮಾಡುವ ಜಾಗವನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ಕಾರ್ಡ್ ಸಂಖ್ಯೆಯನ್ನು ಹಾಜರಿ ಸಂಖ್ಯೆಗೆ ಹೊಂದಿಸುವುದನ್ನು ಮರೆಯಬಾರದು. ಹೆಸರಿನ ಪಟ್ಟಿ ಹಾಕಿದ ಮೇಲೆ ಒಬ್ಬೊಬ್ಬರ ಸಂಖ್ಯೆಯನ್ನೂ ತಿದ್ದಬಹುದು. ಸಂಖ್ಯೆ ಆಯಾ ತರಗತಿಯ ಪಟ್ಟಿಗೆ ಸೇರಿದ್ದರಿಂದ ಒಂದೇ ಕಟ್ಟು ಎಲ್ಲ ವಿಭಾಗಗಳಿಗೂ ಆಗುತ್ತದೆ. ಪಟ್ಟಿಗೆ ಮಗುವಿನ ಹೆಸರಷ್ಟೇ ಸಾಕು, ಬೇರೆ ವಿವರ ತುಂಬಬೇಡಿ.

ಕನ್ನಡದಲ್ಲಿ ಪ್ರಶ್ನೆ ಬರೆಯಬಹುದು, ಆದರೆ ಯೂನಿಕೋಡ್‌ನಲ್ಲಿ. ಹಳೆಯ ನುಡಿ ಫಾಂಟಿನ ಪ್ರಶ್ನೆಪತ್ರಿಕೆಯಿಂದ ನಕಲಿಸಿದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಮೊದಲು ಪರಿವರ್ತಕದಲ್ಲಿ ಹಾಕಿ ಬದಲಿಸಿಕೊಳ್ಳಬೇಕು. ಪ್ರೊಜೆಕ್ಟರ್ ಇಲ್ಲದಿದ್ದರೆ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದರಾಯಿತು, ಏನೂ ಕೊರತೆಯಾಗದು. ಉಚಿತ ಖಾತೆಯಲ್ಲಿ ಪ್ರಶ್ನೆಗಳ ಒಂದು ಗುಂಪಿಗೆ (ಸೆಟ್) 5 ಪ್ರಶ್ನೆಗಳ ಮಿತಿ ಇದೆ. ಪಾಠದ ನಡುವೆ 5ಕ್ಕಿಂತ ಹೆಚ್ಚು ಕೇಳಲು ಸಮಯವೂ ಇರುವುದಿಲ್ಲವಾದ್ದರಿಂದ ಹಣ ಕೊಟ್ಟು ಕೊಳ್ಳುವ ಅಗತ್ಯ ಕಾಣುವುದಿಲ್ಲ.

ಸಾಧನದ ಬೆಲೆ ನಿಜವಾಗಿ ತಿಳಿಯುವುದು ಆಯ್ಕೆಗಳನ್ನು ಯೋಚಿಸಿ ಇಟ್ಟಾಗ. 1/2 + 1/3 ಎಷ್ಟು? ಎ 5/6, ಬಿ 2/5, ಸಿ 1/6, ಡಿ 2/6 ಎಂದು ಕೊಡಿ. ಬಿ ಹಿಡಿದವರು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದ್ದಾರೆ. ಸಿ ಹಿಡಿದವರು ಗುಣಿಸಿದ್ದಾರೆ. ಡಿ ಹಿಡಿದವರು ಛೇದವನ್ನು ಸಮ ಮಾಡಿದರೂ ಅಂಶವನ್ನು ಬದಲಿಸಿಲ್ಲ. ಮೂರೂ ತಪ್ಪೇ, ಆದರೆ ಮೂರಕ್ಕೂ ಹೇಳಿಕೊಡಬೇಕಾದ ಪಾಠ ಬೇರೆ. ಯಾರಿಗೆ ಯಾವುದು ಎಂಬ ಪಟ್ಟಿ ಅದೇ ಅವಧಿಯಲ್ಲಿ ಕೈಗೆ ಸಿಗುತ್ತದೆ. ಬಾಯಿಗೆ ಬಂದ ನಾಲ್ಕು ಸಂಖ್ಯೆ ಹಾಕಿದರೆ ಸರಿ ಎಷ್ಟು ತಪ್ಪು ಎಷ್ಟು ಎಂಬ ಲೆಕ್ಕ ಬಿಟ್ಟು ಬೇರೇನೂ ಸಿಗದು.

ದಾಖಲೆಯ ವಿಷಯದಲ್ಲಿ ಪ್ಲಿಕರ್ಸ್ ಅರ್ಧ ದಾರಿಯವರೆಗಷ್ಟೇ ಬರುತ್ತದೆ. ಶಾಲೆಗಳು ಮಕ್ಕಳ ವಿವರ, ಅಂಕ ದಾಖಲಿಸುವ ಸರ್ಕಾರಿ ಜಾಲತಾಣವಾದ ಸ್ಯಾಟ್ಸ್‌ಗೂ ಇದಕ್ಕೂ ಸಂಬಂಧವಿಲ್ಲ; ಅಂಕ ದಾಖಲಿಸುವ ಕೆಲಸ ಬೇರೆಯಾಗಿಯೇ ಉಳಿಯುತ್ತದೆ. ನಡುವೆ ಗೂಗಲ್ ಶೀಟ್ಸ್‌ನಲ್ಲಿ ಒಂದು ಅಂಕವಹಿ ಇಟ್ಟುಕೊಳ್ಳುವುದು ಒಳ್ಳೆಯದು: ಸಾಲಿಗೊಬ್ಬ ವಿದ್ಯಾರ್ಥಿ, ಕಂಬಕ್ಕೊಂದು ಪಾಠ. ಬಾರದ ಮಗುವಿಗೆ ಸೊನ್ನೆ ಹಾಕಬೇಡಿ, ಗೈರು ಎಂಬುದಕ್ಕೆ "ಗೈ" ಎಂದು ಬರೆಯಿರಿ. ಆವರೇಜ್ ಸೂತ್ರ ಅಕ್ಷರವಿರುವ ಚೌಕವನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯುತ್ತದೆ. ಸೊನ್ನೆ ಹಾಕಿದರೆ ಜ್ವರ ಬಂದು ಮಲಗಿದ್ದ ಮಗು ಕಲಿಕೆಯಲ್ಲಿ ಹಿಂದುಳಿದಂತೆ ಕಾಣುತ್ತದೆ. ಕೂಡುವ ಚಿಹ್ನೆ ಬಳಸಿ ಸೂತ್ರ ಬರೆದಿದ್ದರೆ ಮಾತ್ರ "ಗೈ" ಇದ್ದಲ್ಲಿ ದೋಷ ತೋರಿಸುತ್ತದೆ. ಸಮ್ ಸೂತ್ರಕ್ಕೆ ಆ ತೊಂದರೆ ಇಲ್ಲ.

ಪ್ಲಿಕರ್ಸ್ ಅಂಕವನ್ನು ನೇರವಾಗಿ ರೂಪಣಾತ್ಮಕ ಮೌಲ್ಯಮಾಪನದ, ಅಂದರೆ ಎಫ್‌ಎ ಅಂಕವಾಗಿಸುವುದು ಸರಿಯಲ್ಲ. ನಾಲ್ಕು ಆಯ್ಕೆಯಲ್ಲಿ ಕಣ್ಣು ಮುಚ್ಚಿ ತಿರುಗಿಸಿದರೂ ನಾಲ್ಕರಲ್ಲೊಂದು ಸಲ ಸರಿಯಾಗುವ ಸಾಧ್ಯತೆ ಇದೆ. ಲೆಕ್ಕದ ಹಂತ, ಚಿತ್ರ, ಸ್ವಂತ ವಾಕ್ಯ ಯಾವುದೂ ಇಲ್ಲಿ ಕಾಣುವುದಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ, ವಿಜ್ಞಾನದಂಥ ವಿಷಯಗಳ 100 ಅಂಕದಲ್ಲಿ 20 ಆಂತರಿಕ ಮೌಲ್ಯಮಾಪನದ್ದು. ಆ 20ಕ್ಕೆ ಮಗು ಬರೆದದ್ದು, ಮಾಡಿದ್ದು ಆಧಾರವಾಗಿರಬೇಕು. ಎಫ್‌ಎಗೆ ಎರಡು ವಾರ ಮೊದಲು ಯಾರನ್ನು ಪಕ್ಕದಲ್ಲಿ ಕೂರಿಸಿಕೊಂಡು ಏನು ಹೇಳಿಕೊಡಬೇಕು ಎಂದು ತಿಳಿಯಲು ಪ್ಲಿಕರ್ಸ್ ಪಟ್ಟಿಯನ್ನು ಬಳಸಿ.