ಅಮೆರಿಕವೋ, ಕೆನಡಾವೋ: ದುಡಿದು ಮೇಲೇರಬೇಕೆನ್ನುವವರಿಗೆ

ದುಡಿಮೆಯೊಂದಿದ್ದರೆ ಯಾವ ಮನೆತನದಲ್ಲಿ ಹುಟ್ಟಿದವರೂ ಮೇಲೇರಬಹುದೆಂಬ ನಂಬಿಕೆಗೆ ‘ಅಮೆರಿಕನ್ ಡ್ರೀಮ್’ ಎಂಬ ಹೆಸರನ್ನು 1931ರಲ್ಲಿ, ಅದೂ ಮಹಾ ಆರ್ಥಿಕ ಕುಸಿತದ ನಡುವೆ, ಜನಪ್ರಿಯಗೊಳಿಸಿದವರು ಇತಿಹಾಸಕಾರ ಜೇಮ್ಸ್ ಟ್ರಸ್ಲೋ ಆಡಮ್ಸ್. ಇಂದು ಬೆಂಗಳೂರಿನಿಂದ ಹೊರಡುವ ಎಂಜಿನಿಯರ್‌ಗೆ ಆ ಕನಸಿನ ಹೆಬ್ಬಾಗಿಲು ಎಚ್-1ಬಿ, ಅಂದರೆ ಪರಿಣತ ವಿದೇಶಿ ನೌಕರರಿಗೆ ಅಮೆರಿಕ ಕೊಡುವ ತಾತ್ಕಾಲಿಕ ಕೆಲಸದ ವೀಸಾ.

ಸಂಬಳವೊಂದೇ ಅಳತೆಯಾದರೆ ಅಮೆರಿಕವೇ ಮುಂದು; ಹೊಸ ಕಂಪನಿಗಳಿಗೆ ಹರಿಯುವ ಬಂಡವಾಳದಲ್ಲೂ ಅದಕ್ಕೆ ಸಾಟಿಯಿಲ್ಲ. ತೊಡಕಿರುವುದು ನೆಲೆಯೂರುವುದರಲ್ಲಿ. ಉದ್ಯೋಗಾಧಾರಿತ ಗ್ರೀನ್ ಕಾರ್ಡ್‌ಗಳಲ್ಲಿ (ಕಾಯಂ ನಿವಾಸದ ಪರವಾನಗಿಗಳಲ್ಲಿ) ಯಾವುದೇ ಒಂದು ದೇಶದವರಿಗೆ ಸುಮಾರು ಶೇ 7ರ ಮಿತಿ ಇರುವುದರಿಂದ, ಭಾರತದಲ್ಲಿ ಹುಟ್ಟಿದವರ ಸರದಿ ದಶಕಗಳಷ್ಟು ಉದ್ದವಾಗಿದೆ, ಮತ್ತು ಇಲ್ಲಿ ದುಡಿಮೆಯ ಗುಣಕ್ಕಿಂತ ಹುಟ್ಟಿದ ದೇಶವೇ ಹೆಚ್ಚು ತೂಗುತ್ತದೆ (ಕನಸಿನ ವ್ಯಾಖ್ಯಾನಕ್ಕೆ ಇದು ನೇರ ವಿರುದ್ಧವಲ್ಲವೇ?). ಎಚ್-1ಬಿಯಲ್ಲಿರುವವರ ಕೆಲಸ ಹೋದರೆ, ಹೊಸ ಕೆಲಸ ಹುಡುಕಿಕೊಳ್ಳಲು ಇಲ್ಲವೇ ದೇಶ ಬಿಡಲು ಸಾಮಾನ್ಯವಾಗಿ 60 ದಿನಗಳ ಗಡುವು. ಮೂರು ವರ್ಷದವಳಾಗಿ ಅಪ್ಪ ಅಮ್ಮನ ಜೊತೆ ಹೋದ ಮಗಳು 21 ತುಂಬಿದೊಡನೆ ಅವಲಂಬಿತರ ವೀಸಾ ಕಳೆದುಕೊಂಡು, ತಾನು ಬೆಳೆದ ಊರಿನಲ್ಲೇ ವಿದೇಶಿ ವಿದ್ಯಾರ್ಥಿಯಾಗಿ ಉಳಿಯಬೇಕಾಗಬಹುದು.

ಕಾಯಂ ನಿವಾಸಕ್ಕೆ ನುರಿತ ಕೆಲಸಗಾರರನ್ನು ಆಯುವ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಯು 2015ರಿಂದ ವಯಸ್ಸು, ವಿದ್ಯೆ, ಭಾಷೆ, ಅನುಭವಗಳಿಗೆ ಅಂಕ ಕೊಡುತ್ತದೆ, ದೇಶವಾರು ಮಿತಿಯಿಲ್ಲ. ಕಾಯಂ ನಿವಾಸಿಯಾದವರು ಮಾಲೀಕನ ಹಂಗಿಲ್ಲದೆ ಕೆಲಸ ಬದಲಿಸಬಹುದು, ಐದು ವರ್ಷಗಳಲ್ಲಿ 1,095 ದಿನ ಅಲ್ಲಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಆದರೆ ಟೊರಾಂಟೊ, ವ್ಯಾಂಕೂವರ್‌ಗಳ ಮನೆ ಬಾಡಿಗೆ ಸಂಬಳದ ದೊಡ್ಡ ಪಾಲನ್ನು ನುಂಗುತ್ತದೆ, ಚಳಿಯ ಮಾತಂತೂ ಬೇಡ.

ಇಪ್ಪತ್ತೈದರ ಆಸುಪಾಸಿನ ಒಂಟಿಗರು ಅಮೆರಿಕದ ಅನಿಶ್ಚಿತತೆಯನ್ನು ಧೈರ್ಯವಾಗಿ ಎದುರಿಸಬಹುದು. ಶಾಲೆಗೆ ಹೋಗುವ ಮಕ್ಕಳಿದ್ದವರಿಗೆ ನಾನು ಕೆನಡಾವನ್ನೇ ಸೂಚಿಸುತ್ತೇನೆ.