ಆನ್‌ಲೈನ್ ಲೆಕ್ಕದ ಸಾಫ್ಟ್‌ವೇರ್: ಕೆಲವು ವರ್ಷ ಬಳಸಿದ ಮೇಲೆ

ಸಣ್ಣ ವ್ಯವಹಾರದ ಲೆಕ್ಕ ಇಡೋಕೆ ತಿಂಗಳ ಚಂದಾ ಕಟ್ಟಿ ಬಳಸುವ ಸಾಫ್ಟ್‌ವೇರ್ ಇದು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಸ್ಟಾರ್ ಯಾಕೆ ಕಡಿಮೆ ಅನ್ನೋದಕ್ಕೇ ಇಲ್ಲಿ ಜಾಸ್ತಿ ಜಾಗ ಬೇಕು.

ತುಂಬಾ ಹಿಡಿಸಿದ್ದು ಬ್ಯಾಂಕ್ ತಾಳೆ. ಖಾತೆಯ ವಹಿವಾಟು ತಾನಾಗೇ ಬಂದು ಎಡಕ್ಕೆ ನಿಲ್ಲುತ್ತದೆ, ನಮ್ಮ ಬಿಲ್‌ಗಳು ಬಲಕ್ಕೆ. ಹೊಂದಿದ್ದನ್ನು ಒತ್ತುತ್ತಾ ಹೋದರಾಯಿತು. ತಾಳೆಯಾಗದೆ ಉಳಿದ ಮೊತ್ತ ಮೇಲೆಯೇ ಕಾಣುತ್ತದೆ. ಆ ಮೊತ್ತ 9ರಿಂದ ಸರಿಯಾಗಿ ಭಾಗವಾದರೆ, ಕೈಯಲ್ಲಿ ಟೈಪ್ ಮಾಡಿದ ಬಿಲ್‌ಗಳನ್ನು ಮೊದಲು ನೋಡಿ. 6,720 ಇರಬೇಕಾದ ಕಡೆ 6,270 ಬಿದ್ದಿದ್ದರೆ ವ್ಯತ್ಯಾಸ 450. ಎರಡು ಅಂಕಿ ಅದಲುಬದಲಾದಾಗಲೆಲ್ಲ ಹೀಗೇ ಆಗುತ್ತದೆ. ಲೆಕ್ಕ ಬರೆಯುವವರ ಹಳೇ ಉಪಾಯ ಇದು, ಸಾಫ್ಟ್‌ವೇರ್ ಹೇಳಿಕೊಡೋದಿಲ್ಲ.

ಮಾರಾಟ ತೆರಿಗೆಯ ಭಾಗವೂ ಚೆನ್ನಾಗಿದೆ. ಗ್ರಾಹಕರಿಂದ ವಸೂಲಾದ ತೆರಿಗೆ ನಮ್ಮ ಆದಾಯವಲ್ಲ, ಸರ್ಕಾರಕ್ಕೆ ಕೊಡಬೇಕಾದ ಬಾಕಿ. ಇದು ಅದನ್ನು ಲೆಕ್ಕದಲ್ಲಿ ಬೇರೆ ಖಾತೆಗೇ ಬರೆಯುತ್ತದೆ. ಬ್ಯಾಂಕಲ್ಲಿ ದುಡ್ಡು ಕಂಡಾಗ ಎಲ್ಲಾ ನಮ್ಮದೇ ಅನ್ನಿಸುತ್ತದೆ ಅಲ್ವಾ, ಆ ಭ್ರಮೆ ಇಳಿಯುತ್ತದೆ. ‘ತೆರಿಗೆ ಸೇರಿದ ಬೆಲೆ’ ಅನ್ನೋ ಗುರುತು ಹಾಕಿದ್ದೀರಾ ಅಂತ ಮಾತ್ರ ನೋಡಿಕೊಳ್ಳಿ. ದರ 10% ಇದ್ದು ಒಟ್ಟು 1,100 ಬಂದಿದ್ದರೆ ತೆರಿಗೆ 100, 110 ಅಲ್ಲ.

ಈಗ ತಲೆನೋವಿನ ವಿಷಯ. ಯಾವ ಮೊತ್ತ ಯಾವ ಖಾತೆಗೆ ಅಂತ ಇದು ತಾನೇ ಊಹಿಸುತ್ತದೆ. ಕರೆಂಟ್ ಬಿಲ್, ಬಾಡಿಗೆ ಇಂಥವು ಸರಿಯಾಗೇ ಬೀಳುತ್ತವೆ. ಆದರೆ ನಮ್ಮದೇ ಒಂದು ಬ್ಯಾಂಕ್ ಖಾತೆಯಿಂದ ಇನ್ನೊಂದಕ್ಕೆ ದುಡ್ಡು ಹಾಕಿದರೆ ಅದನ್ನು ಮಾರಾಟ ಅಂದುಕೊಳ್ಳುತ್ತದೆ. ಸಾಲದ ಕಂತನ್ನು ಪೂರ್ತಿ ಖರ್ಚಿಗೆ ಬರೆಯುತ್ತದೆ. ಖರ್ಚು ಬಡ್ಡಿಯಷ್ಟೇ, ಅಸಲು ಸಾಲದಿಂದ ಕಳೆಯಬೇಕು. ಮಾಲೀಕರು ಮನೆಗೆ ಅಂತ ತೆಗೆದ ದುಡ್ಡೂ ಖರ್ಚಿನಲ್ಲೇ ಕೂತಿರುತ್ತದೆ. ಸ್ವಂತ ಹೆಸರಿನ ವ್ಯವಹಾರದಲ್ಲಿ ಅದು ಬಂಡವಾಳದಿಂದ ತೆಗೆದದ್ದು, ಲಾಭ ಕಡಿಮೆ ಮಾಡೋ ಲೆಕ್ಕವಲ್ಲ. ‘ಎಲ್ಲಾ ಒಪ್ಪಿಗೆ’ ಬಟನ್ ಒಂದಿದೆ. ಅದನ್ನು ಯಾಕಾದರೂ ಇಟ್ಟರೋ!

ರಸೀದಿ ಫೋಟೋ ತೆಗೆದರೆ ಓದಿಕೊಳ್ಳೋ ಸೌಲಭ್ಯ ಸುಮಾರು. ಮೊತ್ತ ಸರಿ ಓದುತ್ತದೆ, ತಾರೀಖಿನಲ್ಲಿ ಎಡವುತ್ತದೆ. 04/03 ಅಂದರೆ ಮಾರ್ಚ್ 4 ಇರಬಹುದು, ಏಪ್ರಿಲ್ 3 ಕೂಡ. ಹಾಗೇ ಬಿಟ್ಟರೆ ಖರ್ಚು ಬೇರೆ ತೆರಿಗೆ ಅವಧಿಗೆ ಹೋಗಿ ಸೇರುತ್ತದೆ. ಆದರೂ ಫೋಟೋ ತೆಗೆದಿಡಿ. ಥರ್ಮಲ್ ಕಾಗದದ ರಸೀದಿಯ ಅಕ್ಷರ ಬರಬರುತ್ತಾ ಮಾಸಿಹೋಗುತ್ತದೆ.

ಗ್ರಾಹಕ ಸೇವೆ ನಿಧಾನ. ಚಂದಾ ಏರುತ್ತಲೇ ಇದೆ.

ಹೊಸಬರು ಮೊದಲೇ ಹುಡುಕಬೇಕಾದ ಸೆಟ್ಟಿಂಗ್ ಅಂದರೆ ಅವಧಿಗೆ ಬೀಗ ಹಾಕೋದು. ರಿಟರ್ನ್ ಸಲ್ಲಿಸಿದ ಮೇಲೆ ಆ ತಾರೀಖಿನವರೆಗೆ ಬೀಗ ಹಾಕಿದರೆ ಹಳೇ ಬಿಲ್ಲನ್ನು ಯಾರೂ ಸುಮ್ನೆ ತಿದ್ದೋಕಾಗದು. ಇಲ್ಲದಿದ್ದರೆ ಸಲ್ಲಿಸಿದ ಲೆಕ್ಕವೇ ಬೇರೆ, ಪರದೆ ಮೇಲಿನ ಲೆಕ್ಕವೇ ಬೇರೆ ಆಗುತ್ತದೆ. ಈ ಸೆಟ್ಟಿಂಗ್ ಮೆನುವಿನ ಯಾವುದೋ ಮೂಲೆಯಲ್ಲಿದೆ.

ತಗೊಳ್ಳೋ ಮುಂಚೆ ಉಚಿತ ಅವಧಿಯಲ್ಲಿ ಒಮ್ಮೆ ಪೂರ್ತಿ ಲೆಡ್ಜರ್, ಅಂದರೆ ಎಲ್ಲಾ ಖಾತೆಗಳ ಲೆಕ್ಕದ ಪುಸ್ತಕ, ಇಳಿಸಿಕೊಂಡು ನೋಡಿ. ಬರೀ ಪಿಡಿಎಫ್ ಸಿಕ್ಕರೆ ಬೇಡ. ಪ್ರತಿ ನಮೂದೂ ಸಾಲುಸಾಲಾಗಿ ಎಕ್ಸೆಲ್ ಫೈಲಿನಲ್ಲಿ ಸಿಗಬೇಕು. ಇದರಲ್ಲಿ ಸಿಗುತ್ತದೆ, ಫೋಟೋಗಳನ್ನು ಮಾತ್ರ ಒಂದೊಂದಾಗಿ ಇಳಿಸಿಕೊಳ್ಳಬೇಕು.