ಮನೆ ಖರ್ಚಿನಲ್ಲೇ ಲಕ್ಷ ಮುಟ್ಟುವುದು: ಸಿಂಪ್ಲಿಕ್ಲಿಕ್ ಎಸ್‌ಬಿಐ ಕಾರ್ಡ್ ವಿಮರ್ಶೆ

ಸಿಂಪ್ಲಿಕ್ಲಿಕ್ ಎಸ್‌ಬಿಐ ಕಾರ್ಡ್‌ನ ವಾರ್ಷಿಕ ಶುಲ್ಕ 499 ರೂಪಾಯಿ. ಶೇ. 18 ಜಿಎಸ್‌ಟಿ ಸೇರಿದರೆ 588 ರೂ. 82 ಪೈಸೆ. ಮೊದಲ ವರ್ಷ ಶುಲ್ಕ ಕಟ್ಟಿದ ಮೇಲೆ 500 ರೂಪಾಯಿಯ ಅಮೆಜಾನ್ ಗಿಫ್ಟ್ ಕಾರ್ಡ್ ಬರುತ್ತದೆ, ಹಾಗಾಗಿ ಕೈಬಿಟ್ಟು ಹೋಗುವುದು ಹೆಚ್ಚುಕಡಿಮೆ ತೆರಿಗೆಯ ದುಡ್ಡು ಮಾತ್ರ. ವರ್ಷಕ್ಕೆ 1 ಲಕ್ಷ ಖರ್ಚು ಮಾಡಿದರೆ ಮುಂದಿನ ವರ್ಷದ ಶುಲ್ಕ ಮನ್ನಾ. ಆ ಖರ್ಚು ಆನ್‌ಲೈನ್‌ನದೇ ಆಗಿ 1 ಲಕ್ಷ ಮುಟ್ಟಿದರೆ 2,000 ರೂಪಾಯಿಯ ಪ್ರಯಾಣದ ವೋಚರ್, 2 ಲಕ್ಷ ಮುಟ್ಟಿದರೆ ಇನ್ನೊಂದು 2,000. ಜನ ಈ ಕಾರ್ಡ್ ತೆಗೆದುಕೊಳ್ಳುವುದು ಈ ಎರಡು ವೋಚರ್‌ಗಳ ಆಸೆಗೆ. ಬೇಡದ್ದನ್ನು ಕೊಂಡು ಕೈಸುಟ್ಟುಕೊಳ್ಳುವುದೂ ಅದೇ ಆಸೆಗೆ.

ಬೇಡದ್ದು ಒಂದನ್ನೂ ಕೊಳ್ಳದೆ, ಮನೆಗೆ ಹೇಗೂ ಆಗುವ ಖರ್ಚಿನಲ್ಲೇ ಈ ಗುರಿ ಮುಟ್ಟಬಹುದೇ? ಬೆಂಗಳೂರಿನ ನಾಲ್ಕು ಜನರ ಮನೆಗೆ 1 ಲಕ್ಷ ಸಲೀಸು. 2 ಲಕ್ಷ ಎಲ್ಲರಿಗೂ ಆಗುವ ಮಾತಲ್ಲ, ಆಗಬೇಕಾಗಿಯೂ ಇಲ್ಲ.

1 ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 8,334 ರೂಪಾಯಿ. ಒಂದು ಸಾಮಾನ್ಯ ಲೆಕ್ಕ ಹಾಕೋಣ. ತಿಂಗಳ ಸಾಮಾನು ಬಿಗ್‌ಬಾಸ್ಕೆಟ್‌ನಂಥ ಆ್ಯಪ್‌ನಲ್ಲಿ ತರಿಸಿದರೆ 5,500. ಅಜ್ಜ ಅಜ್ಜಿಯ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗೆ 1,200. ಮೊಬೈಲ್ ರೀಚಾರ್ಜ್, ಬ್ರಾಡ್‌ಬ್ಯಾಂಡ್ ಸೇರಿ 1,500. ಬಟ್ಟೆಬರೆ, ಚಪ್ಪಲಿ, ಪಾತ್ರೆಪಗಡಕ್ಕೆ ವರ್ಷದ ಸರಾಸರಿ ತಿಂಗಳಿಗೆ 1,500. ಒಟ್ಟು 9,700. ವರ್ಷಕ್ಕೆ 1,16,400. ಗುರಿಯ ಮೇಲೆ 16,400 ಉಳಿಯಿತು. ವಾಪಸು ಕಳಿಸಿದ ಸರಕು, ಲೆಕ್ಕಕ್ಕೆ ಬಾರದ ಬಿಲ್ಲು ಇವನ್ನೆಲ್ಲ ತಾಳಿಕೊಳ್ಳುವಷ್ಟು ಅಂತರ ಇದು. ಇಷ್ಟು ಅಂತರವಿಲ್ಲದ ಮನೆ ಈ ಗುರಿಗೆ ಕೈಹಾಕಬಾರದು.

ಇಲ್ಲಿ ‘ಆನ್‌ಲೈನ್’ ಎಂದರೆ ವೆಬ್‌ಸೈಟ್ ಅಥವಾ ಆ್ಯಪ್‌ನಲ್ಲಿ ಕಾರ್ಡ್ ನಂಬರ್ ಹಾಕಿ ಒಟಿಪಿ ಕೊಟ್ಟು ಕಟ್ಟಿದ್ದು. ಡಿಮಾರ್ಟ್‌ನ ಕೌಂಟರಿನಲ್ಲಿ ಉಜ್ಜಿದ್ದು ಶುಲ್ಕ ಮನ್ನಾದ 1 ಲಕ್ಷಕ್ಕೆ ಸೇರುತ್ತದೆ, ವೋಚರ್‌ನ 1 ಲಕ್ಷಕ್ಕೆ ಸೇರುವುದಿಲ್ಲ. ಆ್ಯಪ್‌ನಲ್ಲಿ ಆರ್ಡರ್ ಮಾಡಿ, ಬಾಗಿಲಿಗೆ ಬಂದ ಹುಡುಗನ ಮಷಿನ್ನಿನಲ್ಲಿ ಕಾರ್ಡ್ ಉಜ್ಜಿದರೆ ಅದೂ ಆನ್‌ಲೈನ್ ಅಲ್ಲ. ಗುರಿ ತಪ್ಪುವ ಮನೆಗಳಲ್ಲಿ ಬಹಳ ಸಲ ಆಗಿರುವುದು ಈ ಎರಡು ಬಗೆಯ 1 ಲಕ್ಷದ ಗೊಂದಲವೇ. ಇನ್ನು ಹಾಲಿನ ಬೂತು, ತರಕಾರಿ ಗಾಡಿ, ದರ್ಶಿನಿಗಳ ಕ್ಯೂಆರ್‌ಗೆ ಯುಪಿಐ ಮೂಲಕ ಕಟ್ಟಲು ಆಗುವುದು ರುಪೇ ಕ್ರೆಡಿಟ್ ಕಾರ್ಡ್‌ಗೆ ಮಾತ್ರ. ವೀಸಾ, ಮಾಸ್ಟರ್‌ಕಾರ್ಡ್ ಆದರೆ ಆ ಖರ್ಚನ್ನು ಲೆಕ್ಕದಿಂದ ಮೊದಲೇ ತೆಗೆದಿಡಿ.

ಯಾವ ಖರ್ಚು ಎಣಿಕೆಗೆ ಬರುತ್ತದೆ ಎಂಬುದನ್ನು ನೀವು ಏನು ಕೊಂಡಿರಿ ಎನ್ನುವುದು ತೀರ್ಮಾನಿಸುವುದಿಲ್ಲ. ತೀರ್ಮಾನಿಸುವುದು ಅಂಗಡಿಗೆ ಬ್ಯಾಂಕ್ ಕೊಟ್ಟಿರುವ ನಾಲ್ಕಂಕಿಯ ವ್ಯಾಪಾರಿ ಸಂಕೇತ, ಅಂದರೆ ಎಂಸಿಸಿ. ದಿನಸಿಗೆ 5411, ಔಷಧಿ ಅಂಗಡಿಗೆ 5912, ಫೋನ್ ಕಂಪನಿಗೆ 4814, ಕರೆಂಟು ನೀರಿನಂಥ ಬಿಲ್ಲುಗಳಿಗೆ 4900, ವಿಮೆಗೆ 6300, ಪೆಟ್ರೋಲ್ ಬಂಕ್‌ಗೆ 5541 ಅಥವಾ 5542, ಶಾಲೆಗೆ 8211, ಬಾಡಿಗೆಗೆ 6513, ವಾಲೆಟ್‌ಗೆ 6540. ಮನೆಗೆ ಬೇಳೆ ಕೊಂಡರೂ, ಕಟ್ಟಿದ ದಾರಿ 6540 ಆಗಿದ್ದರೆ ಕಾರ್ಡ್ ಕಂಪನಿಯ ಕಣ್ಣಿಗೆ ಅದು ವಾಲೆಟ್‌ಗೆ ದುಡ್ಡು ತುಂಬಿದ್ದು. ಹಾಲಿನ ಆ್ಯಪ್‌ಗಳಲ್ಲಿ ಮೊದಲೇ 2,000 ರೂಪಾಯಿ ತುಂಬಿಸಿಡುವ ಪದ್ಧತಿ ಇರುವುದರಿಂದ ಇಲ್ಲಿ ಎಚ್ಚರ ಬೇಕು: ಒಮ್ಮೆ ಸಣ್ಣ ಮೊತ್ತ ಹಾಕಿ, ಸ್ಟೇಟ್‌ಮೆಂಟ್‌ನಲ್ಲಿ ಖರ್ಚಿಗೆ ಸಿಗುವ ಬಹುಮಾನದ ಪಾಯಿಂಟ್ ಬಿದ್ದಿದೆಯೇ ನೋಡಿ, ಆಮೇಲೆ ಮುಂದುವರಿಯಿರಿ. 2025ರ ನವೆಂಬರ್ 1ರಿಂದ ಎಸ್‌ಬಿಐ ಕಾರ್ಡ್‌ನಲ್ಲಿ 1,000 ರೂಪಾಯಿಗಿಂತ ಹೆಚ್ಚು ವಾಲೆಟ್‌ಗೆ ತುಂಬಿದರೆ ಶೇ. 1 ಶುಲ್ಕವೂ ಇದೆ.

ಹೀಗಾಗಿ ಗುರಿಯನ್ನು ಕಟ್ಟುವಾಗ ಒಂದು ಶಿಸ್ತು ಬೇಕು. ದಿನಸಿ, ಔಷಧಿ, ಬಟ್ಟೆ, ಮನೆ ಸಾಮಾನು, ಮೊಬೈಲ್ ಮತ್ತು ಬ್ರಾಡ್‌ಬ್ಯಾಂಡ್ ಇವಿಷ್ಟರಲ್ಲೇ 1 ಲಕ್ಷ ತುಂಬುವಂತೆ ಲೆಕ್ಕ ಹಾಕಿ. ವಿಮೆ, ಕರೆಂಟು ನೀರಿನ ಬಿಲ್ಲು, ತೆರಿಗೆ ಇಂಥವನ್ನು ಕಾರ್ಡ್‌ನಲ್ಲಿ ಕಟ್ಟಿದರೂ ಮೊತ್ತಕ್ಕೆ ಸೇರಿಸಬೇಡಿ. ಬಂದರೆ ಮೇಲೋಗರ, ಬರದಿದ್ದರೆ ನಷ್ಟವಿಲ್ಲ. ಬಾಡಿಗೆ, ಪೆಟ್ರೋಲ್, ವಾಲೆಟ್, ನಗದು ತೆಗೆದದ್ದು, ಕಾರ್ಡ್‌ನ ಶುಲ್ಕ, ಬಡ್ಡಿ ಇವನ್ನು ಮರೆತೇಬಿಡಿ. ಬಾಡಿಗೆಗೆ 199 ರೂಪಾಯಿ ಮತ್ತು ಜಿಎಸ್‌ಟಿ, ಅಂದರೆ 234 ರೂ. 82 ಪೈಸೆ, ಪ್ರತಿ ಬಾರಿ ಹೋಗುತ್ತಿತ್ತು. ಎರಡು ತಿಂಗಳ ಬಾಡಿಗೆಗೆ ತೆತ್ತ ಶುಲ್ಕವೇ ಕಾರ್ಡ್‌ನ ಮೂಲ ಶುಲ್ಕದ ಹತ್ತಿರ ಹೋಗುತ್ತಿತ್ತು. 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ನಿಯಮ ಬಿಗಿಯಾದ ಮೇಲೆ ದೊಡ್ಡ ಆ್ಯಪ್‌ಗಳು ಕಾರ್ಡ್‌ನಿಂದ ಮನೆ ಮಾಲೀಕರ ಖಾತೆಗೆ ಬಾಡಿಗೆ ಕಳಿಸುವ ಸೌಲಭ್ಯವನ್ನೇ ನಿಲ್ಲಿಸಿದವು.

ಕರೆಂಟು ಬಿಲ್ಲಿನ ಬಗ್ಗೆ ಹೊರ ರಾಜ್ಯದ ಕಾರ್ಡ್ ಸಲಹೆಗಳನ್ನು ಹಾಗೇ ನಂಬಿ ಲೆಕ್ಕ ಹಾಕುವವರು ಕರ್ನಾಟಕದಲ್ಲಿ ಎಡವುತ್ತಾರೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗಿನ ಮನೆಗಳಿಗೆ ತಮ್ಮ ಸರಾಸರಿ ಬಳಕೆಗೆ ಸ್ವಲ್ಪ ಹೆಚ್ಚುವರಿ ಸೇರಿಸಿದಷ್ಟು ಉಚಿತ, ಹಾಗಾಗಿ ಎಷ್ಟೋ ಮನೆಗಳ ಬೆಸ್ಕಾಂ ಬಿಲ್ಲು ಸೊನ್ನೆ. ‘ತಿಂಗಳಿಗೆ 2,500 ಕರೆಂಟು’ ಎಂದು ಬರೆದಿರುವ ಸಾಲು ನಿಮ್ಮ ಪಟ್ಟಿಯಲ್ಲಿ ಇರಲಾರದು. ದೊಡ್ಡ ಮನೆ, ಎಸಿ, ಅಪಾರ್ಟ್‌ಮೆಂಟ್ ನಿರ್ವಹಣೆ ಎಲ್ಲ ಸೇರಿ ಬಿಲ್ಲುಗಳು ಜಾಸ್ತಿ ಇರುವವರಿಗೆ ಇನ್ನೊಂದು ಗಡಿ: ಒಂದು ಬಿಲ್ಲಿಂಗ್ ಅವಧಿಯಲ್ಲಿ ಇಂಥ ಪಾವತಿ 50,000 ದಾಟಿದರೆ 2024ರ ಡಿಸೆಂಬರ್‌ನಿಂದ ಎಸ್‌ಬಿಐ ಕಾರ್ಡ್ ಶೇ. 1 ಹಿಡಿಯುತ್ತದೆ.

ಶಾಲೆ ಫೀಸು ಎರಡನೇ ಲಕ್ಷಕ್ಕೆ ಎಲ್ಲರ ಕಣ್ಣು ಬೀಳುವ ಜಾಗ. ಮೇ, ಜೂನ್‌ನಲ್ಲಿ ಒಂದೇ ಏಟಿಗೆ 40,000, 50,000 ಹೋಗುತ್ತದಲ್ಲ, ಅದನ್ನು ಕಾರ್ಡ್‌ನಲ್ಲೇ ಕಟ್ಟಿದರಾಯಿತು ಎನ್ನಿಸುವುದು ಸಹಜ. ಆದರೆ ಹೊರಗಿನ ಪಾವತಿ ಆ್ಯಪ್ ಮೂಲಕ ಕಟ್ಟಿದರೆ 2025ರ ನವೆಂಬರ್ 1ರಿಂದ ಶೇ. 1 ಶುಲ್ಕ: 50,000ಕ್ಕೆ 500, ಜಿಎಸ್‌ಟಿ 90, ಒಟ್ಟು 590 ರೂಪಾಯಿ. ಶಾಲೆಯ ಸ್ವಂತ ವೆಬ್‌ಸೈಟ್‌ನಲ್ಲಿ ಅಥವಾ ಆಫೀಸಿನ ಮಷಿನ್ನಿನಲ್ಲಿ ನೇರವಾಗಿ ಕಟ್ಟಿದರೆ ಈ ಶುಲ್ಕವಿಲ್ಲ, ಮಷಿನ್ನಿನಲ್ಲಿ ಉಜ್ಜಿದ್ದು ಮಾತ್ರ ವೋಚರ್‌ನ ಲೆಕ್ಕಕ್ಕೆ ಸೇರುವುದಿಲ್ಲ. ಶಾಲೆಯವರೇ ಕಾರ್ಡ್‌ಗೆಂದು ಶೇ. 1ರಿಂದ 2 ಸೇರಿಸಿ ಕೇಳಿದರೆ ಸುಮ್ಮನೆ ಬ್ಯಾಂಕ್ ಖಾತೆಯಿಂದ ಕಟ್ಟಿ. ವೋಚರ್ ಸಿಗುವುದೇ ಖರ್ಚಿನ ಶೇ. 2. ಅದನ್ನು ಪಡೆಯಲು ಶೇ. 2 ತೆತ್ತರೆ ದುಡ್ಡು ಒಂದು ಸುತ್ತು ತಿರುಗಿ ಬಂದ ಹಾಗೆ, ಅಷ್ಟೇ.

ರೈಲು ಟಿಕೆಟ್‌ಗೂ ಸಣ್ಣ ಲೆಕ್ಕ ಇದೆ. ಐಆರ್‌ಸಿಟಿಸಿಯಲ್ಲಿ ಯುಪಿಐ ಅಲ್ಲದ ಪಾವತಿಗೆ ಎಸಿ ರಹಿತ ಟಿಕೆಟ್‌ಗೆ 15, ಎಸಿಗೆ 30 ರೂಪಾಯಿ ಮತ್ತು ಜಿಎಸ್‌ಟಿ. ಯುಪಿಐ ಆದರೆ 10 ಮತ್ತು 20.

ಒಟ್ಟು ಲಾಭ ಎಷ್ಟು? ಆನ್‌ಲೈನ್‌ನಲ್ಲಿ 100 ರೂಪಾಯಿಗೆ 5 ಪಾಯಿಂಟ್, ಪಾಲುದಾರ ಆ್ಯಪ್‌ಗಳಲ್ಲಿ 10, ಅಂಗಡಿಯಲ್ಲಿ 1. ಒಂದು ಪಾಯಿಂಟ್‌ಗೆ 25 ಪೈಸೆ. ಅಂದರೆ ಮಾಮೂಲು ಆನ್‌ಲೈನ್ ಖರ್ಚಿಗೆ ಶೇ. 1.25. ಪಾಲುದಾರರ ಪಟ್ಟಿ ಬದಲಾಗುತ್ತಲೇ ಇರುತ್ತದೆ. ಸ್ವಿಗ್ಗಿ 2025ರ ಏಪ್ರಿಲ್ 1ರಂದು 10ರಿಂದ 5ಕ್ಕೆ ಇಳಿಯಿತು, ಆದ್ದರಿಂದ 10ರ ಮೇಲೆ ವರ್ಷದ ಲೆಕ್ಕ ಕಟ್ಟುವುದು ಬೇಡ. 1 ಲಕ್ಷಕ್ಕೆ 5,000 ಪಾಯಿಂಟ್, 1,250 ರೂಪಾಯಿ. ಪಾಯಿಂಟ್ ಬದಲಾಯಿಸಿಕೊಳ್ಳುವ ಪ್ರತಿ ಕೋರಿಕೆಗೆ 99 ಮತ್ತು ಜಿಎಸ್‌ಟಿ, 116 ರೂ. 82 ಪೈಸೆ ಕಳೆಯಬೇಕು. ಅದಕ್ಕೇ ವರ್ಷಕ್ಕೊಮ್ಮೆ ಮಾತ್ರ ಬದಲಾಯಿಸಿಕೊಳ್ಳಿ, ಪಾಯಿಂಟ್‌ಗಿರುವ 24 ತಿಂಗಳ ಗಡುವು ಮಾತ್ರ ಮರೆಯಬೇಡಿ. ಪಾಯಿಂಟ್‌ನಿಂದ 1,133, ವೋಚರ್‌ನಿಂದ 2,000. ಒಟ್ಟು 3,133 ರೂಪಾಯಿ, ಶುಲ್ಕ ಮನ್ನಾ. 2 ಲಕ್ಷಕ್ಕೆ 6,383. ಅದರಾಚೆಗೆ ಈ ಕಾರ್ಡ್‌ನಲ್ಲಿ ಬರೀ ಶೇ. 1.25 ಉಳಿಯುತ್ತದೆ, ಅಲ್ಲಿಗೆ ಇದನ್ನು ಪಕ್ಕಕ್ಕಿಟ್ಟು ಬೇರೆ ಕಾರ್ಡ್ ಬಳಸಿ.

ಈ ಮೊತ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಯಾಣದ ವೋಚರ್ ಎಂಬುದನ್ನು ಗಮನಿಸಿ. ವಿಮಾನ, ಹೋಟೆಲ್ ಬುಕ್ ಮಾಡುವ ಮನೆಗೆ ಅದು ನಿಜಕ್ಕೂ 2,000. ಹಬ್ಬಕ್ಕೆ ಊರಿಗೆ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ, ಅದೂ ನಿಗಮದ ವೆಬ್‌ಸೈಟ್‌ನಲ್ಲೇ ಟಿಕೆಟ್ ಮಾಡಿಸಿ ಹೋಗುವ ಮನೆಗೆ ಆ ವೋಚರ್‌ನ ಬೆಲೆ ಸೊನ್ನೆ. ಇದು ಈ ಕಾರ್ಡ್‌ನ ದೊಡ್ಡ ಕೊರತೆ. ಬೇಳೆ, ಎಣ್ಣೆ ಕೊಂಡು ಗಳಿಸಿದ ಬಹುಮಾನ ಬೇಳೆ, ಎಣ್ಣೆಗೆ ಆಗಿಬರಬೇಕಿತ್ತು.

ಅದೇ ಕಂಪನಿಯ ಕ್ಯಾಶ್‌ಬ್ಯಾಕ್ ಎಸ್‌ಬಿಐ ಕಾರ್ಡ್ ಇಲ್ಲಿ ಗೆಲ್ಲುತ್ತದೆ. ಶುಲ್ಕ 999, ಜಿಎಸ್‌ಟಿ ಸೇರಿ 1,178 ರೂ. 82 ಪೈಸೆ; ಆನ್‌ಲೈನ್ ಖರ್ಚಿಗೆ ಶೇ. 5, ವಿಮೆ, ಬಿಲ್ಲು, ಶಾಲೆ, ಆಭರಣ, ರೈಲು ಮುಂತಾದವು ಬಿಟ್ಟು. 1 ಲಕ್ಷದ ದಿನಸಿ, ಔಷಧಿ, ಬಟ್ಟೆಗೆ 5,000 ಬಂದು, ಶುಲ್ಕ ಕಳೆದು 3,821 ಉಳಿಯುತ್ತದೆ, ಅದೂ ನೇರ ಬಿಲ್ಲಿಗೆ ಜಮೆ. 2 ಲಕ್ಷ ಮುಟ್ಟಿದರೆ ಶುಲ್ಕವೂ ಮನ್ನಾ, ಪೂರ್ತಿ 10,000. ಅದು ಸಿಗುವ ಅರ್ಹತೆ ಇದ್ದವರು ಅದನ್ನೇ ತೆಗೆದುಕೊಳ್ಳಬೇಕು. ಮೊದಲ ಕ್ರೆಡಿಟ್ ಕಾರ್ಡ್ ಬೇಕಾದವರು, 1 ಲಕ್ಷದ ಆಸುಪಾಸಿನಲ್ಲೇ ನಿಲ್ಲುವವರು, ವರ್ಷಕ್ಕೊಂದು ಪ್ರವಾಸ ಇರುವವರು ಇವರಿಗೆ ಸಿಂಪ್ಲಿಕ್ಲಿಕ್ ಒಳ್ಳೆಯ ಆಯ್ಕೆ.

ವರ್ಷ ಎಂದರೆ ಜನವರಿಯಿಂದಲ್ಲ, ಏಪ್ರಿಲ್‌ನಿಂದಲೂ ಅಲ್ಲ. ಕಾರ್ಡ್ ಕೊಟ್ಟ ದಿನಾಂಕದಿಂದ. ಕಾರ್ಡ್ ಆಗಸ್ಟ್‌ನಲ್ಲಿ ಬಂದಿದ್ದರೆ ಗಣಪತಿ ಹಬ್ಬದ, ದೀಪಾವಳಿಯ ಬಟ್ಟೆ ವರ್ಷದ ಆರಂಭದಲ್ಲೇ ಲೆಕ್ಕಕ್ಕೆ ಬರುತ್ತದೆ. ಎಂಟನೇ ತಿಂಗಳಲ್ಲಿ ಒಮ್ಮೆ ಕೂಡಿಸಿ ನೋಡಿ. 67,000 ಆಗಿದ್ದರೆ ದಾರಿ ಸರಿ ಇದೆ. 50,000 ಮಾತ್ರ ಆಗಿದ್ದರೆ ಕೆಡದ ಸಾಮಾನನ್ನು ಮುಂಚೆ ತರಿಸಬಹುದು: 25 ಕಿಲೋ ಸೋನಾ ಮಸೂರಿ, ಎರಡು ಮೂರು ತಿಂಗಳ ತೊಗರಿಬೇಳೆ, ಸೋಪು, ಪುಡಿ, ಮಾತ್ರೆಗಳ ಮುಂದಿನ ಪಟ್ಟಿ. ಅಡುಗೆ ಎಣ್ಣೆ, ಹಿಟ್ಟು, ರವೆ ಹೀಗೆ ತುಂಬಿಸಬೇಡಿ. ಮಳೆಗಾಲದಲ್ಲಿ ಹುಳ ಬಿದ್ದ ರವೆಯ ನಷ್ಟ ಯಾವ ಪಾಯಿಂಟ್‌ನಿಂದಲೂ ತುಂಬುವುದಿಲ್ಲ. ಗಿಫ್ಟ್ ವೋಚರ್ ಕೊಂಡು ಮೊತ್ತ ತುಂಬಿಸುವ ದಾರಿಯೂ ಬೇಡ, ಅದರ ಸಂಕೇತ ಯಾವುದು ಬೀಳುತ್ತದೋ ಮೊದಲೇ ತಿಳಿಯುವುದಿಲ್ಲ.

ಕೊನೆಯ ಹದಿನೈದು ದಿನಗಳನ್ನು ಖಾಲಿ ಬಿಡಿ. ಒಟಿಪಿ ಕೊಟ್ಟ ದಿನ ಮೊತ್ತ ‘ಪೆಂಡಿಂಗ್’ ಎಂದಷ್ಟೇ ಇರುತ್ತದೆ, ಅಂಗಡಿ ಸೆಟಲ್ ಮಾಡಿದ ಮೇಲೆ ಖಾತೆಗೆ ಏರುತ್ತದೆ. ನಡುವೆ ವರ್ಷ ಮುಗಿದರೆ ಆ ಖರ್ಚು ಮುಂದಿನ ವರ್ಷದ್ದಾಗಬಹುದು. ವಾಪಸು ಕಳಿಸಿದ ಬಟ್ಟೆಯ ರೀಫಂಡ್ ಮೊತ್ತದಿಂದ ಕಳೆಯುತ್ತದೆ; 1,00,300ಕ್ಕೆ ನಿಂತವರ ಒಂದು ಕುರ್ತಾ ವಾಪಸಾದರೆ 99,000ಕ್ಕೆ ಇಳಿಯುತ್ತಾರೆ. 1,03,000 ಮುಟ್ಟುವವರೆಗೆ ಗುರಿ ಮುಗಿಯಿತು ಎನ್ನಬೇಡಿ. ಮನೆಯಲ್ಲಿ ಇಬ್ಬರು ಖರ್ಚು ಮಾಡುವವರಿದ್ದರೆ ಇಬ್ಬರಿಗೂ ಬೇರೆ ಬೇರೆ ಕಾರ್ಡ್ ಮಾಡಿಸಿ ಗುರಿಯನ್ನು ಎರಡು ಮಾಡಿಕೊಳ್ಳುವುದಕ್ಕಿಂತ ಆ್ಯಡ್ ಆನ್ ಕಾರ್ಡ್ ತೆಗೆದುಕೊಳ್ಳಿ, ಎರಡರ ಖರ್ಚೂ ಒಂದೇ ಖಾತೆಗೆ ಸೇರುತ್ತದೆ. ಬ್ರಾಡ್‌ಬ್ಯಾಂಡ್‌ನಂಥ ತಿಂಗಳ ಪಾವತಿಗಳಿಗೆ ಇ ಮ್ಯಾಂಡೇಟ್, ಅಂದರೆ ತಾನಾಗಿ ಹಣ ಕಡಿತವಾಗಲು ಮೊದಲೇ ಕೊಡುವ ಒಪ್ಪಿಗೆ, ಹಾಕಿದರೆ 15,000 ರೂಪಾಯಿವರೆಗೆ ಪ್ರತಿ ಬಾರಿ ಒಟಿಪಿ ಬೇಕಿಲ್ಲ.

ಇಷ್ಟೆಲ್ಲ ಲೆಕ್ಕ ನಿಲ್ಲುವುದು ಬಿಲ್ಲನ್ನು ಪೂರ್ತಿ, ಗಡುವಿನೊಳಗೆ ಕಟ್ಟಿದರೆ. 9,000 ರೂಪಾಯಿ ಬಿಲ್ಲು ಒಂದು ಸಲ ತಪ್ಪಿದರೆ ತಡ ಶುಲ್ಕ 750, ಜಿಎಸ್‌ಟಿ ಸೇರಿ 885. ಮೇಲೆ ತಿಂಗಳಿಗೆ ಶೇ. 3.75ರ ಬಡ್ಡಿ, ಅದೂ ಗಡುವಿನಿಂದಲ್ಲ, ಕೊಂಡ ದಿನದಿಂದ. ಬಾಕಿ ಉಳಿದಿರುವಾಗ ಹೊಸದಾಗಿ ಕೊಂಡ ಹಾಲು ಮೊಸರಿಗೂ ಮೊದಲ ದಿನದಿಂದ ಬಡ್ಡಿ ಓಡುತ್ತದೆ. ಎರಡು ತಪ್ಪಿಗೆ ಇಡೀ ವರ್ಷದ ವೋಚರ್ ಹೋಯಿತು. ಸಂಬಳ 1ನೇ ತಾರೀಖು ಬರುವ ಮನೆಯಲ್ಲಿ ಬಿಲ್ಲಿನ ಗಡುವು 28ಕ್ಕೆ ಬಿದ್ದಿದ್ದರೆ ಕಂಪನಿಗೆ ಕೇಳಿ ಬಿಲ್ಲಿಂಗ್ ದಿನಾಂಕ ಬದಲಿಸಿಕೊಳ್ಳಿ, ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಅದಕ್ಕೆ ಅವಕಾಶವಿದೆ. ಗಡುವು 5ರಿಂದ 8ರ ನಡುವೆ ಇದ್ದರೆ ಸಂಬಳ ಬಂದ ವಾರದಲ್ಲೇ ಬಿಲ್ಲು ತೀರುತ್ತದೆ. ಬ್ಯಾಂಕ್ ಖಾತೆಯಿಂದ ಆಟೋ ಡೆಬಿಟ್ ಹಾಕುವಾಗ ‘ಕನಿಷ್ಠ ಮೊತ್ತ’ ಅಲ್ಲ, ‘ಪೂರ್ತಿ ಮೊತ್ತ’ ಎಂಬುದನ್ನೇ ಆರಿಸಿ.